ನಕಲಿ ಕಾರ್ಬನ್ ಫ್ರೇಮ್: ಮುರಿದರೆ ಯಾರನ್ನು ಕೇಳೋದು?

ಸಿಂಧನೂರು ಸೀಮೆಯಲ್ಲಿ ‘ಡುಪ್ಲಿಕೇಟ್’ ಅನ್ನೋ ಪದಕ್ಕೆ ಯಾರೂ ಅರ್ಥ ಹೇಳಿಕೊಡಬೇಕಿಲ್ಲ. ಸಾಲಗುಂದದಂಥ ಊರಿನ ಭತ್ತದ ರೈತ ಔಷಧಿ ಡಬ್ಬಿ ಕೈಗೆತ್ತಿಕೊಂಡಾಗ ಮೊದಲು ಕೇಳೋದೇ ‘ಒರಿಜಿನಲ್ ಐತೇನ್ರಿ?’ ಅಂತ. ಯಾಕಂದ್ರೆ ಡಬ್ಬಿಯ ಮೇಲಿನ ಹೆಸರು ಎಷ್ಟೇ ದೊಡ್ಡದಿರಲಿ, ಒಳಗಿರೋದು ಬೇರೆಯಾದರೆ ಹುಳ ಸಾಯಲ್ಲ, ಸಾಲ ಉಳಿಯುತ್ತೆ. ಇದಕ್ಕೆ 1968ರ ಕೀಟನಾಶಕ ಕಾಯ್ದೆ ಇದೆ. ಅಂಗಡಿಗೆ ಲೈಸೆನ್ಸ್ ಬೇಕು, ಇನ್‌ಸ್ಪೆಕ್ಟರ್ ಬಂದು ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಬಹುದು. ಅದು ಎಷ್ಟು ಚೆನ್ನಾಗಿ ನಡೆಯುತ್ತೆ ಅನ್ನೋದು ಬೇರೆ ಜಗಳ. ತಟ್ಟೋಕೆ ಒಂದು ಬಾಗಿಲಾದರೂ ಇದೆ.

ಇದೇ ‘ಒರಿಜಿನಲ್ ಐತೇನ್ರಿ’ ಪ್ರಶ್ನೆ ಕೆಲವು ವರ್ಷಗಳಿಂದ ಸೈಕಲ್ ಓಡಿಸೋರ ನಡುವೆಯೂ ಸುತ್ತುತ್ತಿದೆ. ಪಿನರೆಲ್ಲೊ, ಸ್ಪೆಷಲೈಸ್ಡ್‌ನಂಥ ಕಂಪನಿಗಳ ಹೆಸರು, ಬಣ್ಣ, ಆಕಾರ ಎಲ್ಲ ಹಾಗೇ ಇರೋ ಕಾರ್ಬನ್ ಫ್ರೇಮ್, ಅಸಲಿ ಬೆಲೆಯ ಸುಮಾರು ಹತ್ತನೇ ಒಂದು ಭಾಗಕ್ಕೆ ಚೀನಾದಿಂದ ಮನೆಗೇ ಬರುತ್ತೆ. ಜಗತ್ತಿನ ಸೈಕಲ್ ವಲಯದಲ್ಲಿ ಇವಕ್ಕೆ ‘ಚೈನರೆಲ್ಲೊ’ ಅಂತ ಅಡ್ಡಹೆಸರೇ ಇದೆ. ಇಂಥದ್ದನ್ನ ಹತ್ತೋದು ತಪ್ಪಾ? ಅಪಾಯವಾ? ಎರಡೂ ಬೇರೆ ಬೇರೆ ಪ್ರಶ್ನೆಗಳು. ಜಗಳ ಮುಗಿಯದೇ ಇರೋದಕ್ಕೆ ಮುಖ್ಯ ಕಾರಣ, ಜನ ಎರಡನ್ನೂ ಕಲಸಿಬಿಡೋದು.

ಕೊಳ್ಳೋರು ಯಾರು

ಶೋಕಿಗೆ ಕೊಳ್ಳೋರು ಇದ್ದಾರೆ, ಇಲ್ಲ ಅನ್ನಲ್ಲ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟ ಹತ್ತಿ ಫೋಟೊ ಹಾಕೋಕೆ ಹೆಸರು ಬೇಕು ಅಷ್ಟೇ. ಅವರನ್ನ ಬಿಡಿ. ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದ್ರೆ ನಂದಿ ಬೆಟ್ಟ ಮಾತ್ರ ಅಲ್ಲ. ವಿಜಯಪುರ, ಬಾಗಲಕೋಟೆ, ಜಮಖಂಡಿ, ಮುಧೋಳ. ಜಾತ್ರೆಯ ಸೈಕಲ್ ಶರ್ಯತ್ತಿನಲ್ಲಿ ಶುರುವಾಗಿ ಕ್ರೀಡಾ ಹಾಸ್ಟೆಲ್, ಅಲ್ಲಿಂದ ರಾಷ್ಟ್ರೀಯ ಪದಕ, ಆಮೇಲೆ ಸಾಧ್ಯವಾದರೆ ರೈಲ್ವೆಯಲ್ಲೋ ಸೇನೆಯಲ್ಲೋ ಒಂದು ನೌಕರಿ. ಇದು ಆ ಸೀಮೆಯ ಹುಡುಗ ಹುಡುಗಿಯರಿಗೆ ಗೊತ್ತಿರೋ ದಾರಿ. 2024ರ ಜನವರಿಯಲ್ಲಿ ರಾಷ್ಟ್ರೀಯ ರೋಡ್ ಸೈಕ್ಲಿಂಗ್ ಚಾಂಪಿಯನ್‌ಷಿಪ್ ನಡೆದದ್ದೂ ವಿಜಯಪುರದಲ್ಲೇ.

ಆ ಮಟ್ಟದಲ್ಲಿ ಪಕ್ಕದವನು ಕಾರ್ಬನ್ ಸೈಕಲ್ ಮೇಲಿದ್ದರೆ ನೀವು ಕಬ್ಬಿಣದ ಸೈಕಲ್ ತುಳಿದು ಗೆಲ್ಲೋದು ಕಷ್ಟ. ಒಳ್ಳೇ ರೇಸಿಂಗ್ ಸೈಕಲ್ ಅಂದ್ರೆ ಲಕ್ಷಗಳ ಲೆಕ್ಕ. ಮೇಲಿಂದ ಸುಂಕ: 2023ರ ಕೇಂದ್ರ ಬಜೆಟ್‌ನಲ್ಲಿ ಆಮದು ಸೈಕಲ್‌ನ ಕಸ್ಟಮ್ಸ್ ಸುಂಕವನ್ನ ಶೇ 30ರಿಂದ ಶೇ 35ಕ್ಕೆ ಏರಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದ್ದು ನಿಜ. ಆದರೆ ಕೂಲಿ ಮಾಡೋ ಮನೆಗೆ ಐದು ಲಕ್ಷ, ನಾಲ್ಕೂಮುಕ್ಕಾಲು ಲಕ್ಷ ಎರಡೂ ಒಂದೇ. ಹೀಗಿರುವಾಗ ಐವತ್ತು ಸಾವಿರಕ್ಕೆ ಸಿಗೋ ನಕಲಿ ಫ್ರೇಮ್ ಕಡೆ ಕಣ್ಣು ಹಾಯೋದನ್ನ ಬರೀ ‘ನೈತಿಕತೆ ಇಲ್ಲ’ ಅಂತ ಬೈದು ಮುಗಿಸೋಕೆ ಆಗಲ್ಲ.

‘ಅದೇ ಕಾರ್ಖಾನೆ, ಅದೇ ಮಾಲು’ ನಿಜಾನಾ?

ನಕಲಿಯ ಪರ ಇರೋರ ದೊಡ್ಡ ವಾದ ಇದು. ಅರ್ಧ ಸತ್ಯ ಇರೋದರಿಂದಲೇ ಗಟ್ಟಿಯಾಗಿ ನಿಂತಿದೆ. ಯುರೋಪ್, ಅಮೆರಿಕದ ಬಹಳಷ್ಟು ಬ್ರ್ಯಾಂಡ್‌ಗಳ ಕಾರ್ಬನ್ ಫ್ರೇಮ್ ತಯಾರಾಗೋದು ತೈವಾನ್, ಚೀನಾದಲ್ಲೇ. ತೈವಾನಿನ ಜೈಂಟ್ ಕಂಪನಿ ತನ್ನ ಹೆಸರಿನಲ್ಲಷ್ಟೇ ಅಲ್ಲ, ಬೇರೆಯವರಿಗೂ ಮಾಡಿಕೊಡುತ್ತೆ. ‘ಹಿಂಬಾಗಿಲಿಂದ ಬಂದ ಮಾಲು’ ಅನ್ನೋ ಕಥೆ ಹುಟ್ಟಿದ್ದು ಇಲ್ಲಿಂದ.

ಆದರೆ ಕಾರ್ಬನ್ ಫ್ರೇಮ್ ಹೇಗೆ ಆಗುತ್ತೆ ನೋಡಿ. ರಾಳ ಸವರಿದ ಕಾರ್ಬನ್ ನಾರಿನ ಹಾಳೆಯನ್ನ ನೂರಾರು ತುಂಡು ಮಾಡಿ, ಒಂದೊಂದನ್ನೂ ಲೆಕ್ಕ ಹಾಕಿದ ಕೋನದಲ್ಲಿ ಪದರ ಪದರವಾಗಿ ಅಚ್ಚಿನಲ್ಲಿ ಕೈಯಿಂದಲೇ ಕೂರಿಸ್ತಾರೆ. ಒಳಗಿಂದ ಗಾಳಿಚೀಲ ಒತ್ತುತ್ತೆ, ಹೊರಗಿಂದ ಶಾಖ ಕೊಡ್ತಾರೆ. ನಾರು ತನ್ನ ಉದ್ದಕ್ಕೆ ಎಳೆದರೆ ಬಹಳ ಗಟ್ಟಿ, ಅಡ್ಡಕ್ಕೆ ಎಳೆದರೆ ಅಷ್ಟಿಲ್ಲ. ಹಾಗಾಗಿ ಫ್ರೇಮಿನ ಬಲ ಇರೋದು ಆ ಕೋನಗಳ ಲೆಕ್ಕದಲ್ಲಿ, ಪದರಗಳ ನಡುವೆ ಗಾಳಿಗುಳ್ಳೆ, ಸುಕ್ಕು ಉಳಿಯದಂತೆ ನೋಡಿಕೊಳ್ಳೋದರಲ್ಲಿ. ಅಸಲಿ ಸೈಕಲ್ ಎದುರಿಗಿಟ್ಟುಕೊಂಡು ಹೊರಗಿನ ಆಕಾರಕ್ಕೆ ಅಚ್ಚು ಮಾಡೋದು ಸುಲಭ. ಒಳಗಿನ ಪದರ ನಕಲು ಮಾಡೋಕೆ ಅದು ಕಾಣಬೇಕಲ್ಲ! ಹೋಳಿಗೆ ನೋಡೋಕೆ ಒಂದೇ ಥರ ಇದ್ದರೆ ಹೂರಣವೂ ಒಂದೇ ಅಂತ ಯಾರು ಹೇಳ್ತಾರೆ?

ಇನ್ನೊಂದು ವಿಷಯ. ಕಬ್ಬಿಣ ಬಾಗುತ್ತೆ, ಬಿರುಕು ಬಿಡುತ್ತೆ, ಕಿರುಗುಟ್ಟುತ್ತೆ, ಅಂದ್ರೆ ಬಹಳ ಸಲ ಮುನ್ಸೂಚನೆ ಕೊಡುತ್ತೆ. ಕಾರ್ಬನ್ ಹೆಚ್ಚಿನ ಸಲ ಹೇಳದೆ ಕೇಳದೆ ಮುರಿಯುತ್ತೆ. ಅದರಲ್ಲೂ ಮುಂದಿನ ಫೋರ್ಕಿನಿಂದ ಹ್ಯಾಂಡಲ್‌ವರೆಗೆ ಹೋಗೋ ಕೊಳವೆ, ಅಂದ್ರೆ ಸ್ಟಿಯರರ್, ಇಳಿಜಾರಿನಲ್ಲಿ ಮುರಿದರೆ ಮುಖ ನೇರ ರಸ್ತೆಗೆ. ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ ಬರೋ 150ಎ ಹೆದ್ದಾರಿಯಲ್ಲಿ, ಹಿಂದೆ ಲಾರಿ ಇದ್ದಾಗ, ಹೀಗಾದರೆ ಏನು ಗತಿ ಅಂತ ಬಿಡಿಸಿ ಹೇಳಬೇಕಿಲ್ಲ.

ಅಸಲಿಯೂ ಮುರಿಯುತ್ತಲ್ಲಾ?

ಮುರಿಯುತ್ತೆ. 2006ರ ಪ್ಯಾರಿಸ್–ರೂಬೆ ರೇಸಿನಲ್ಲಿ ಜಾರ್ಜ್ ಹಿಂಕಾಪಿ ಅವರ ಸೈಕಲ್‌ನ ಸ್ಟಿಯರರ್ ಮುರಿದು ಬಿದ್ದರು. ಅದು ಅಲ್ಯೂಮಿನಿಯಂ ಆಗಿತ್ತು. 2021ರ ಮಾರ್ಚ್‌ನಲ್ಲಿ ಲೆ ಸಮಿನ್ ರೇಸಿನಲ್ಲಿ ಮಾಥ್ಯೂ ವಾನ್ ಡರ್ ಪೂಲ್ ಅವರ ಕ್ಯಾನ್ಯನ್ ಸೈಕಲ್‌ನ ಹ್ಯಾಂಡಲ್ ತುಂಡಾಯಿತು. ‘ನೋಡಿ, ಲಕ್ಷಗಟ್ಟಲೆ ಕೊಟ್ಟರೂ ಅಷ್ಟೇ’ ಅಂತ ನಕಲಿ ಪರ ಇರೋರು ಇದನ್ನೇ ಎತ್ತಿ ತೋರಿಸ್ತಾರೆ.

ಆದರೆ ಆಮೇಲೆ ಏನಾಯ್ತು ಅನ್ನೋದನ್ನೂ ನೋಡಬೇಕು. ಕ್ಯಾನ್ಯನ್ ಆ ಮಾದರಿ ಕೊಂಡವರಿಗೆಲ್ಲ ಸೈಕಲ್ ಓಡಿಸೋದು ನಿಲ್ಲಿಸಿ ಅಂತ ಹೇಳಿತು. ಅದೇ ವರ್ಷ ಸ್ಪೆಷಲೈಸ್ಡ್ ಕಂಪನಿ ತನ್ನ ಟಾರ್ಮ್ಯಾಕ್ ಎಸ್‌ಎಲ್7 ಸೈಕಲ್‌ಗಳನ್ನ, ಸ್ಟಿಯರರ್ ಬಿರುಕು ಬಿಡಬಹುದು ಅಂತ, ವಾಪಸ್ ಕರೆಸಿ ಸರಿಮಾಡಿತು. ನನ್ನ ಪ್ರಕಾರ ಅಸಲಿಗೂ ನಕಲಿಗೂ ಇರೋ ದೊಡ್ಡ ಅಂತರ ಇದೇ. ಒಂದಕ್ಕೆ ವಿಳಾಸ ಇದೆ, ಇನ್ನೊಂದಕ್ಕಿಲ್ಲ. ನಕಲಿಯ ಅಚ್ಚಿನಲ್ಲಿ ದೋಷ ಇದ್ದು ಹತ್ತು ದೇಶಗಳಲ್ಲಿ ಹತ್ತು ಜನ ಬಿದ್ದರೂ ಹನ್ನೊಂದನೆಯವನಿಗೆ ಸುದ್ದಿ ಮುಟ್ಟಲ್ಲ.

ಕಾನೂನು ಯಾರ ಕಡೆ?

1999ರ ಟ್ರೇಡ್‌ಮಾರ್ಕ್ ಕಾಯ್ದೆಯ 103 ಮತ್ತು 104ನೇ ಸೆಕ್ಷನ್‌ಗಳ ಪ್ರಕಾರ ಸುಳ್ಳು ಬ್ರ್ಯಾಂಡ್ ಹಾಕೋದು, ಅಂಥ ಮಾಲು ಮಾರೋದು ಅಪರಾಧ. ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಗುರಿ ಮಾರೋನು, ಹತ್ತೋನಲ್ಲ. ನಕಲಿ ಮಾಲು ಬಂದರಿನಲ್ಲೇ ತಡೆಯೋಕೆ 2007ರ ಕಸ್ಟಮ್ಸ್ ನಿಯಮಗಳಿವೆ. ಆದರೆ ಸ್ವಂತ ಬಳಕೆಗೆ ತರಿಸೋ ಸಣ್ಣ ಪಾರ್ಸೆಲ್‌ಗೆ ಆ ನಿಯಮಗಳಲ್ಲೇ ವಿನಾಯಿತಿ ಇದೆ. ಒಂದೊಂದೇ ಫ್ರೇಮ್ ಬರೋದು ಈ ಸಂದಿಯಿಂದ. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಲಿಎಕ್ಸ್‌ಪ್ರೆಸ್ ಆ್ಯಪ್ ನಿಷೇಧಿಸಿತು, ಕಾರಣ ಬೇರೆ. ಅಷ್ಟಕ್ಕೇ ಮಾರೋರು ಅಂಗಡಿ ಮುಚ್ಚಲಿಲ್ಲ.

ಗಮನಿಸಿ, ಈ ಎರಡೂ ಕಾನೂನು ಕಾಯೋದು ಹೆಸರನ್ನ, ಹತ್ತೋನ ಕುತ್ತಿಗೆಯನ್ನಲ್ಲ. ಹತ್ತೋನ ಕೈಗೆ ಏನಾದರೂ ಸಿಗೋದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ. ತಯಾರಕ ಯಾರು ಅಂತಲೇ ಗೊತ್ತಿಲ್ಲದಿದ್ದರೆ, ದೋಷಪೂರಿತ ಮಾಲಿನಿಂದಾದ ಹಾನಿಗೆ ಮಾರಿದ ಅಂಗಡಿಯವನೇ ಹೊಣೆ ಅನ್ನುತ್ತೆ ಅದರ 86ನೇ ಸೆಕ್ಷನ್. ಬಿಲ್ ಕೊಟ್ಟ ಇಲ್ಲಿನ ಅಂಗಡಿ ಇದ್ದರೆ ಸರಿ. ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ವಿದೇಶಕ್ಕೆ ದುಡ್ಡು ಕಳಿಸಿದವರು ಯಾರಿಗೆ ನೋಟಿಸ್ ಕೊಡ್ತಾರೆ?

ರೇಸಿನಲ್ಲಿ ಇನ್ನೊಂದು ತೊಡಕು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2011ರಿಂದ ಹೊಸ ಫ್ರೇಮ್ ಮಾದರಿಗಳಿಗೆ ಒಪ್ಪಿಗೆಯ ಚೀಟಿ ಕೊಡುತ್ತೆ. ನಕಲಿ ಮಾಡೋರು ಆ ಚೀಟಿಯನ್ನೂ ಅಚ್ಚು ಹಾಕ್ತಾರೆ. ಅಷ್ಟಕ್ಕೂ ಆ ಚೀಟಿ ಮುಖ್ಯವಾಗಿ ಹೇಳೋದು ಆಕಾರ, ಅಳತೆ ನಿಯಮದೊಳಗಿದೆ ಅಂತ; ಅದನ್ನ ಗಟ್ಟಿತನದ ಗ್ಯಾರಂಟಿ ಅಂದ್ಕೋಬೇಡಿ.

ಹಾಗಾದರೆ?

ಬ್ರ್ಯಾಂಡ್ ಇಲ್ಲದ ಚೀನಾ ಫ್ರೇಮ್ ಎಲ್ಲವೂ ನಕಲಿ ಅಲ್ಲ. ತಮ್ಮದೇ ಹೆಸರು ಹಾಕಿ, ವಾರಂಟಿ ಕೊಟ್ಟು, ಐಎಸ್ಒ 4210 ಪರೀಕ್ಷೆಯ ವರದಿ ತೋರಿಸೋ ಕಾರ್ಖಾನೆಗಳಿವೆ. ಅದು ಬಡವರ ಕಾರ್ಬನ್, ಅದರಲ್ಲಿ ನಾಚಿಕೆ ಪಡೋಕೆ ಏನೂ ಇಲ್ಲ. ಬೇರೆಯವರ ಹೆಸರು ಅಂಟಿಸೋನು ಮೊದಲ ಸುಳ್ಳನ್ನ ಹೊರಗೇ ಬರೆದಿದ್ದಾನೆ, ಒಳಗಿನ ಪದರದ ಬಗ್ಗೆ ಮಾತ್ರ ಸತ್ಯ ಹೇಳ್ತಾನೆ ಅಂತ ನಂಬೋದು ಹೇಗೆ? ಅದೇ ದುಡ್ಡಿಗೆ ಒಳ್ಳೇ ಅಲ್ಯೂಮಿನಿಯಂ ಫ್ರೇಮ್ ಬರುತ್ತೆ. ಸ್ವಲ್ಪ ಭಾರ, ಅಷ್ಟೇ.

‘ನನ್ನ ಜೀವ, ನನ್ನಿಷ್ಟ’ ಅನ್ನೋ ವಾದ ಒಂಟಿಯಾಗಿ ಓಡಿಸುವಾಗ ನಿಲ್ಲಬಹುದು. ಗುಂಪಿನಲ್ಲಿ ನಿಲ್ಲಲ್ಲ; ಮುಂದಿನವನು ಬಿದ್ದರೆ ಹಿಂದಿನ ಹತ್ತು ಜನ ಅವನ ಮೇಲೆ. ಸೆಕೆಂಡ್ ಹ್ಯಾಂಡ್ ಮಾರುವಾಗ ಅಂತೂ ನಿಲ್ಲೋದೇ ಇಲ್ಲ. ಐವತ್ತು ಸಾವಿರಕ್ಕೆ ತರಿಸಿದ್ದನ್ನ ಎರಡು ವರ್ಷ ತುಳಿದು, ‘ಒರಿಜಿನಲ್, ಬಿಲ್ ಕಳೆದಿದೆ’ ಅಂತ ಒಂದೂವರೆ ಲಕ್ಷಕ್ಕೆ ದಾಟಿಸಿದರೆ, ಕೊನೆಗೆ ಅದು ಸೇರೋದು ಸಾಲ ಮಾಡಿ ಮಗನಿಗೆ ರೇಸ್ ಸೈಕಲ್ ಕೊಡಿಸೋ ಅಪ್ಪನ ಕೈಗೆ. ಅಂಥವರು ಕೊಳ್ಳೋ ಮುಂಚೆ ಫ್ರೇಮಿನ ಸೀರಿಯಲ್ ನಂಬರನ್ನ ಕಂಪನಿಗೆ ಇಮೇಲ್ ಮಾಡಿ ಕೇಳಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ನಂಬರ್ ಕೇಳಿದ ಕೂಡಲೇ ಮಾರೋನು ಫೋನ್ ಎತ್ತೋದು ನಿಲ್ಲಿಸಿದರೆ ಕಂಪನಿಯ ಉತ್ತರಕ್ಕೆ ಕಾಯೋದೂ ಬೇಡ.