ಮಾರ್ಬುರ್ಗಿನ ಮೇಜು: ಕರ್ತನ ಭೋಜನದಲ್ಲಿ ಸ್ಮರಣೆಯ ಅರ್ಥ

ಕ್ರಿ.ಶ. ೧೫೨೯ನೆಯ ಇಸವಿಯ ಅಕ್ಟೋಬರ್ ೨ನೆಯ ತಾರೀಖು, ಶನಿವಾರ. ಜರ್ಮನಿಯ ಹೆಸ್ಸೆ ಸಂಸ್ಥಾನಕ್ಕೆ ಸೇರಿದ ಮಾರ್ಬುರ್ಗ್ ಪಟ್ಟಣದಲ್ಲಿ, ಲಾನ್ ನದಿಯ ಪಕ್ಕದ ಗುಡ್ಡದ ಮೇಲಿನ ಕೋಟೆಯಲ್ಲಿ, ಕೆಲವು ಮಂದಿ ಪಂಡಿತರು ಒಂದು ಮೇಜಿನ ಸುತ್ತ ಸೇರಿದ್ದರು. ಚರ್ಚೆ ಆರಂಭವಾಗುವ ಮುನ್ನ ಅವರಲ್ಲೊಬ್ಬನು ಸೀಮೆಸುಣ್ಣವನ್ನು ತೆಗೆದುಕೊಂಡು ಮೇಜಿನ ಮೇಲೆ ನಾಲ್ಕು ಲ್ಯಾಟಿನ್ ಪದಗಳನ್ನು ಬರೆದು, ಅವನ್ನು ಮಕಮಲ್ಲಿನ ಬಟ್ಟೆಯಿಂದ ಮುಚ್ಚಿದನು. ಬರೆದವನು ಮಾರ್ಟಿನ್ ಲೂಥರ್. ಬರೆದ ಪದಗಳು, ಯೇಸುವು ತನ್ನ ಮರಣದ ಹಿಂದಿನ ರಾತ್ರಿ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಅದನ್ನು ತನ್ನ ದೇಹವೆಂದು ಕರೆದ ಮಾತು. ನಾಲ್ಕು ಪದಗಳ ಈ ವಾಕ್ಯದ ಅರ್ಥವನ್ನು ಕುರಿತು ಯುರೋಪಿನ ಸುಧಾರಕರು ಎರಡು ಪಂಗಡಗಳಾಗಿ ಒಡೆದರು. ಆ ಒಡಕು ಕೂಡಿಕೊಳ್ಳಲು ನಾನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು. ಒಂದು ಊಟದ ನೆನಪು ಇಷ್ಟು ದೊಡ್ಡ ವಿವಾದಕ್ಕೆ ಎಡೆಗೊಟ್ಟುದು ಹೇಗೆ ಎಂಬುದನ್ನು ವಿಚಾರಿಸಿ ನೋಡುವುದು ಇತಿಹಾಸದ ವಿದ್ಯಾರ್ಥಿಗಳಿಗೆ ಉಪಯುಕ್ತವಾಗಬಹುದು.

ಮೊದಲು ಆ ಊಟದ ಮೂಲವನ್ನು ನೋಡೋಣ. ಅದು ಯೆಹೂದ್ಯರ ಪಸ್ಕ ಹಬ್ಬದ ಕಾಲ. ಐಗುಪ್ತದೇಶದ ದಾಸ್ಯದಿಂದ ತಮ್ಮ ಪೂರ್ವಿಕರು ಬಿಡುಗಡೆ ಹೊಂದಿದುದನ್ನು ಯೆಹೂದ್ಯರು ಆ ಹಬ್ಬದಲ್ಲಿ ಊಟದ ಮೂಲಕವೇ ಸ್ಮರಿಸುತ್ತಾರೆ. ಹುಳಿಯಿಲ್ಲದ ರೊಟ್ಟಿ, ಕಹಿಸೊಪ್ಪು, ದ್ರಾಕ್ಷಾರಸ, ಇವೆಲ್ಲವೂ ಆ ಕಥೆಯ ಅಕ್ಷರಗಳು. ಆ ರಾತ್ರಿ ಪ್ರತಿಯೊಬ್ಬನೂ ತಾನೇ ಐಗುಪ್ತದಿಂದ ಹೊರಬಂದವನೆಂದು ಭಾವಿಸಬೇಕೆಂಬುದು ಅವರ ಶಾಸ್ತ್ರವಿಧಿ. ಆದುದರಿಂದ ಅವರ ಪಾಲಿಗೆ ಸ್ಮರಣೆಯೆಂಬುದು ಕಳೆದುಹೋದುದನ್ನು ಮನಸ್ಸಿನಲ್ಲಿ ಮೆಲುಕುಹಾಕುವುದು ಮಾತ್ರವಲ್ಲ. ಅಂದು ನಡೆದುದರಲ್ಲಿ ಇಂದು ಪಾಲುಗೊಳ್ಳುವುದು. ಈ ಹಿನ್ನೆಲೆಯಲ್ಲಿಯೇ ಯೇಸುವು ರೊಟ್ಟಿಯನ್ನು ಮುರಿದು ಹಂಚಿ, ತನ್ನ ನೆನಪಿಗಾಗಿ ಹೀಗೆ ಮಾಡುತ್ತಿರಬೇಕೆಂದು ಶಿಷ್ಯರಿಗೆ ಅಪ್ಪಣೆಮಾಡಿದನೆಂದು ಲೂಕನೂ ಪೌಲನೂ ಬರೆದಿದ್ದಾರೆ. ಮತ್ತಾಯ, ಮಾರ್ಕರ ಸುವಾರ್ತೆಗಳಲ್ಲಿ ಊಟದ ವರ್ಣನೆಯಿದೆ, ಈ ಅಪ್ಪಣೆಯಿಲ್ಲ. ಮೂಲದ ಗ್ರೀಕ್ ಪದ ‘ಅನಾಮ್ನೆಸಿಸ್’.

ಮುಂದಿನ ಶತಮಾನಗಳಲ್ಲಿ ಈ ಸರಳವಾದ ಊಟವು ದೇವಾಲಯದ ವೈಭವಯುತವಾದ ಪೂಜೆಯಾಗಿ ಬೆಳೆಯಿತು. ೧೨೧೫ರಲ್ಲಿ ರೋಮಿನ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ಯಾಜಕನ ಪ್ರತಿಷ್ಠಾಪನೆಯಿಂದ ರೊಟ್ಟಿ ಮತ್ತು ದ್ರಾಕ್ಷಾರಸಗಳ ಮೂಲದ್ರವ್ಯವೇ ಕ್ರಿಸ್ತನ ದೇಹವಾಗಿ, ರಕ್ತವಾಗಿ ಮಾರ್ಪಡುತ್ತದೆಂದು ಸಾರಿತು. ವಿಶ್ವಾಸಿಗಳು ವರ್ಷಕ್ಕೊಮ್ಮೆಯಾದರೂ, ಈಸ್ಟರ್ ಹಬ್ಬದಲ್ಲಿ, ಪರಮಪ್ರಸಾದವನ್ನು ಸ್ವೀಕರಿಸಬೇಕೆಂದು ಅದೇ ಸಭೆ ವಿಧಿಸಿತು. ಕಾಲಕ್ರಮದಲ್ಲಿ ಪಾನಪಾತ್ರೆಯು ಯಾಜಕನಿಗೆ ಮಾತ್ರ ಮೀಸಲಾಯಿತು. ಮಂತ್ರಗಳು ಲ್ಯಾಟಿನ್ನಿನಲ್ಲಿದ್ದುದರಿಂದ ಜನಸಾಮಾನ್ಯರು ಕಣ್ಣಿನಿಂದ ನೋಡಿದರೇ ಹೊರತು ಕಿವಿಯಿಂದ ತಿಳಿದುಕೊಳ್ಳಲಿಲ್ಲ. ೧೫೨೦ರಲ್ಲಿ ಲೂಥರನು ಈ ಪದ್ಧತಿಯನ್ನು ಖಂಡಿಸಿ ಬರೆದನು. ಪೂಜೆಯು ಬಲಿಯಲ್ಲ, ದೇವರ ದಾನ. ಪಾತ್ರೆಯು ಎಲ್ಲರಿಗೂ ಸಲ್ಲಬೇಕು ಎಂಬುದು ಅವನ ವಾದ. ಆದರೆ ಕ್ರಿಸ್ತನ ದೇಹವು ರೊಟ್ಟಿಯೊಡನೆ ನಿಜವಾಗಿಯೇ ಇದೆಯೆಂಬ ನಂಬಿಕೆಯನ್ನು ಅವನು ಬಿಡಲಿಲ್ಲ.

ಇತ್ತ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಉಲ್ರಿಕ್ ಜ್ವಿಂಗ್ಲಿಯು ಬೇರೊಂದು ದಾರಿಯನ್ನು ಹಿಡಿದನು. ಅವನು ೧೫೦೬ರಿಂದ ಹತ್ತು ವರ್ಷ ಗ್ಲಾರುಸ್ ಎಂಬ ಬೆಟ್ಟದ ಊರಿನಲ್ಲಿ ಪಾದ್ರಿಯಾಗಿದ್ದವನು. ೧೩೮೮ರಲ್ಲಿ ಆ ನಾಡಿನ ರೈತರು ನೇಫೆಲ್ಸ್ ಎಂಬಲ್ಲಿ ಆಸ್ಟ್ರಿಯದ ಸೈನ್ಯವನ್ನು ಸೋಲಿಸಿದ್ದರು. ಅದರ ಸ್ಮರಣೆಗಾಗಿ ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಊರಿಗೆ ಊರೇ ರಣಭೂಮಿಗೆ ಯಾತ್ರೆ ಹೋಗುವ ವಾಡಿಕೆ ಇಂದಿಗೂ ಉಂಟು. ಜ್ವಿಂಗ್ಲಿಯು ತನ್ನ ಬರಹದಲ್ಲಿ ಈ ಯಾತ್ರೆಯನ್ನೇ ಉದಾಹರಿಸಿದ್ದಾನೆ. ಉಡುಪಿನ ಮೇಲೆ ಬಿಳಿಯ ಶಿಲುಬೆಯನ್ನು ಹೊಲಿದುಕೊಂಡವನು ತಾನು ಸ್ವಿಸ್ ಒಕ್ಕೂಟದವನೆಂದು ಸಾರುತ್ತಾನೆ. ನೇಫೆಲ್ಸಿಗೆ ಹೋಗಿ ದೇವರಿಗೆ ಕೃತಜ್ಞತೆಯನ್ನು ಅರ್ಪಿಸುವವನು ಹೃದಯದಿಂದ ಒಕ್ಕೂಟದವನೆಂದು ತೋರಿಸಿಕೊಳ್ಳುತ್ತಾನೆ. ಕರ್ತನ ಭೋಜನವೂ ಅಂತಹುದೇ ಎಂದು ಅವನ ಅಭಿಪ್ರಾಯ: ಒಮ್ಮೆ ನಡೆದ ಬಿಡುಗಡೆಯ ಸ್ಮರಣೆ ಮತ್ತು ನಾವು ಒಂದೇ ಬಳಗದವರೆಂಬ ಪ್ರತಿಜ್ಞೆ.

ಈ ಅಭಿಪ್ರಾಯವನ್ನು ಅವನು ಆಚರಣೆಗೂ ತಂದನು. ೧೫೨೫ರ ಏಪ್ರಿಲಿನಲ್ಲಿ, ಈಸ್ಟರ್ ಹಬ್ಬದ ಸಂದರ್ಭದಲ್ಲಿ, ಜ್ಯೂರಿಕ್ಕಿನ ಮಹಾದೇವಾಲಯದಲ್ಲಿ ಸಭೆಯ ನಡುವೆ ಒಂದು ಮೇಜನ್ನು ಇಟ್ಟರು. ಬೆಳ್ಳಿಬಂಗಾರದ ಪಾತ್ರೆಗಳಿಗೆ ಬದಲಾಗಿ ಮರದ ತಟ್ಟೆಗಳು, ಮರದ ಬಟ್ಟಲುಗಳು ಬಂದವು. ಜನರು ಕುಳಿತಲ್ಲಿಗೇ ರೊಟ್ಟಿ ಬಂದಿತು. ಒಬ್ಬನು ಮುರಿದುಕೊಂಡು ಪಕ್ಕದವನಿಗೆ ದಾಟಿಸಿದನು. ಎಲ್ಲವೂ ಅವರಾಡುವ ಜರ್ಮನ್ ಭಾಷೆಯಲ್ಲಿ ನಡೆಯಿತು.

ಲೂಥರನಿಗೆ ಇದು ಸಮ್ಮತವಾಗಲಿಲ್ಲ. ಎರಡೂ ಕಡೆಗಳಿಂದ ಖಂಡನಗ್ರಂಥಗಳು ಹೊರಟವು. ಈ ಜಗಳದಿಂದ ಸುಧಾರಕರ ಪಕ್ಷವೇ ದುರ್ಬಲವಾಗುವುದೆಂದು ಹೆದರಿದವನು ಹೆಸ್ಸೆಯ ಅರಸನಾದ ಫಿಲಿಪ್. ಅವನಿಗೆ ಆಗ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ರಾಜಕೀಯವಾದ ಒಕ್ಕೂಟಕ್ಕೆ ಮತದ ಐಕ್ಯವು ಬೇಕೆಂದು ತಿಳಿದು, ಅವನು ಇಬ್ಬರನ್ನೂ ತನ್ನ ಕೋಟೆಗೆ ಕರೆಯಿಸಿದನು. ಅಕ್ಟೋಬರ್ ೧ರಂದು ಉಗ್ರಸ್ವಭಾವದ ಇಬ್ಬರನ್ನೂ ಎದುರುಬದುರಾಗಿಸದೆ, ಲೂಥರನನ್ನು ಬಾಸೆಲ್ ನಗರದ ಎಕೊಲಂಪಾಡಿಯಸನೊಡನೆಯೂ ಜ್ವಿಂಗ್ಲಿಯನ್ನು ಶಾಂತನಾದ ಮೆಲಾಂಕ್ತನನೊಡನೆಯೂ ಕೂಡಿಸಿ ಮಾತನಾಡಿಸಿದುದು ಅವನ ಜಾಣತನ. ಮರುದಿನದಿಂದ ಬಹಿರಂಗ ಚರ್ಚೆ ನಡೆಯಿತು.

ಚರ್ಚೆಯ ಒಂದೆರಡು ಪ್ರಸಂಗಗಳನ್ನು ಇಲ್ಲಿ ಹೇಳಬಹುದು. ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ, ಬದುಕಿಸುವುದು ಆತ್ಮವೇ ಹೊರತು ಮಾಂಸದಿಂದ ಪ್ರಯೋಜನವಿಲ್ಲವೆಂಬ ಮಾತುಂಟು. ಜ್ವಿಂಗ್ಲಿಯು ಅದನ್ನು ಎತ್ತಿ, ಇದು ನಿಮ್ಮ ಕುತ್ತಿಗೆಯನ್ನು ಮುರಿಯುವುದೆಂದನು. ಇದು ಹೆಸ್ಸೆ, ಸ್ವಿಟ್ಜರ್ಲೆಂಡಲ್ಲ. ಇಲ್ಲಿ ಕುತ್ತಿಗೆಗಳು ಅಷ್ಟು ಸುಲಭವಾಗಿ ಮುರಿಯುವುದಿಲ್ಲವೆಂದು ಲೂಥರನು ಸಿಡಿದನು. ವಾದದಲ್ಲಿ ಸೋಲುವುದಕ್ಕೆ ತಮ್ಮ ನಾಡಿನಲ್ಲಿ ಹಾಗೆನ್ನುವ ರೂಢಿಯೆಂದು ಜ್ವಿಂಗ್ಲಿಯು ವಿವರಿಸಬೇಕಾಯಿತು. ಒಂದೇ ಭಾಷೆಯ ಎರಡು ಸೀಮೆಗಳ ನುಡಿಗಟ್ಟು ಎಷ್ಟು ಅನರ್ಥವನ್ನು ತರಬಲ್ಲುದೆಂಬುದಕ್ಕೆ ಇದು ನಿದರ್ಶನ. ಮತ್ತೊಮ್ಮೆ ಲೂಥರನು, ಕರ್ತನು ಕಾಡುಸೇಬನ್ನು ಮುಂದಿಟ್ಟು ತಿನ್ನೆಂದರೂ ಏಕೆಂದು ತಾನು ಕೇಳೆನೆಂದನು. ಆಧಾರವೆಲ್ಲಿ ಎಂದು ಎದುರಾಳಿಗಳು ಕೇಳಿದಾಗ ಮಕಮಲ್ಲಿನ ಬಟ್ಟೆಯನ್ನು ಸರಿಸಿ ಸೀಮೆಸುಣ್ಣದ ಬರಹವನ್ನು ತೋರಿಸಿದನು.

ವಾದದ ತಿರುಳು ವ್ಯಾಕರಣದಲ್ಲಿತ್ತು. ಲ್ಯಾಟಿನ್ ವಾಕ್ಯದ ‘ಎಸ್ಟ್’ ಎಂಬ ಕ್ರಿಯಾಪದಕ್ಕೆ ‘ಆಗಿದೆ’ ಎಂದೇ ಅರ್ಥವೆಂದು ಲೂಥರನು ಹಿಡಿದನು. ‘ಸೂಚಿಸುತ್ತದೆ’ ಎಂದು ಅರ್ಥವೆಂದು ಜ್ವಿಂಗ್ಲಿಯು ಹೇಳಿದನು. ಎಕೊಲಂಪಾಡಿಯಸನು ಮಾತ್ರ ಲಕ್ಷಣೆಯು ಕ್ರಿಯಾಪದದಲ್ಲಿಲ್ಲ, ‘ದೇಹ’ ಎಂಬ ನಾಮಪದದಲ್ಲಿದೆ ಎಂದು ಬಗೆದನು. ಕನ್ನಡದ ಅಧ್ಯಾಪಕರಿಗೆ ಇಲ್ಲೊಂದು ಸ್ವಾರಸ್ಯ ಕಾಣುತ್ತದೆ. ಅಂತಹ ವಾಕ್ಯಕ್ಕೆ ನಮ್ಮ ನುಡಿಯಲ್ಲಿ ಕ್ರಿಯಾಪದವೇ ಬೇಡ. ತರಗತಿಯಲ್ಲಿ ಭೂಪಟದ ಮೇಲೆ ಕೋಲಿಟ್ಟು ‘ಇದು ಕಾಸರಗೋಡು’ ಎಂದು ನಾವು ಹೇಳುತ್ತೇವೆ; ಯಾವ ಹುಡುಗನೂ ಕಾಗದವನ್ನು ಊರೆಂದು ಭ್ರಮಿಸುವುದಿಲ್ಲ. ಊರೊಳಗೆ ಬಸ್ಸಿನಿಂದಿಳಿದು ಅದೇ ಮಾತನ್ನು ಹೇಳುತ್ತೇವೆ; ಆಗ ಅದು ಅಕ್ಷರಶಃ ನಿಜ. ವಾಕ್ಯ ಒಂದೇ, ನಿಂತ ನೆಲ ಬೇರೆ. ಯೇಸುವಿನ ಮನೆಮಾತಾದ ಅರಾಮಿಕ್ ಭಾಷೆಯಲ್ಲಿಯೂ ಇಂತಹ ವಾಕ್ಯಕ್ಕೆ ಕ್ರಿಯಾಪದವು ಅವಶ್ಯಕವಲ್ಲ. ಹಾಗಿರುವಲ್ಲಿ ಬರಿಯ ವ್ಯಾಕರಣವು ಈ ಪ್ರಶ್ನೆಯನ್ನು ಬಗೆಹರಿಸಲಾರದು.

ಅಕ್ಟೋಬರ್ ೪ರಂದು ಹದಿನೈದು ಕಲಮುಗಳ ಒಂದು ಪತ್ರಕ್ಕೆ ಹತ್ತು ಮಂದಿ ರುಜು ಹಾಕಿದರು. ಹದಿನಾಲ್ಕರಲ್ಲಿ ಒಮ್ಮತ. ಹದಿನೈದನೆಯದರಲ್ಲಿಯೂ ಪಾತ್ರೆಯು ಎಲ್ಲರಿಗೂ ಸಲ್ಲಬೇಕೆಂಬುದೇ ಮುಂತಾಗಿ ಬಹ್ವಂಶವನ್ನು ಒಪ್ಪಿದರು. ದೇಹವು ರೊಟ್ಟಿಯಲ್ಲಿ ದೈಹಿಕವಾಗಿ ಇದೆಯೆ ಎಂಬ ಒಂದು ಮಾತು ಉಳಿಯಿತು. ಜ್ವಿಂಗ್ಲಿಯು ಕಣ್ಣೀರಿಟ್ಟು ಸಹೋದರತ್ವದ ಕೈಯನ್ನು ಚಾಚಿದರೂ ಲೂಥರನು ಹಿಡಿಯಲಿಲ್ಲ. ಊರಿನಲ್ಲಿ ಬೆವರುಜ್ವರವೆಂಬ ಸಾಂಕ್ರಾಮಿಕ ರೋಗ ಕಾಣಿಸಿಕೊಂಡುದರಿಂದ ಸಭೆ ಬೇಗನೆ ಚದರಿತು. ಎರಡು ವರ್ಷಗಳ ಬಳಿಕ, ೧೫೩೧ರ ಅಕ್ಟೋಬರ್ ೧೧ರಂದು, ಜ್ವಿಂಗ್ಲಿಯು ಕಾಪೆಲ್ ಯುದ್ಧದಲ್ಲಿ ಮಡಿದನು. ಮುಂದಿನ ತಿಂಗಳಲ್ಲಿ ಎಕೊಲಂಪಾಡಿಯಸನೂ ತೀರಿಕೊಂಡನು.

ಇವರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ಇತಿಹಾಸಕಾರನ ಕೆಲಸವಲ್ಲ. ಪ್ರತಿಯೊಬ್ಬನಿಗೂ ಯಾವ ಭಯವಿತ್ತೆಂಬುದನ್ನು ತಿಳಿಯುವುದು ಅವನ ಕೆಲಸ. ಸ್ಮರಣೆಯೆಂಬುದು ಮನುಷ್ಯನ ಮನಸ್ಸಿನ ಕೆಲಸ ಮಾತ್ರವಾದರೆ, ಮನಸ್ಸು ಕುಂದಿದ ದಿನ, ಮರಣದ ಹಾಸಿಗೆಯಲ್ಲಿ, ಅವನಿಗೆ ಆಸರೆಯೇನು? ಆದುದರಿಂದ ವರವು ಹೊರಗಿನಿಂದ, ಕೈಗೆ ಸಿಕ್ಕುವಂತೆ ಬರಬೇಕೆಂದು ಲೂಥರನು ಹಟಹಿಡಿದನು. ಕಣ್ಣು ರೊಟ್ಟಿಯಲ್ಲಿಯೇ ನೆಟ್ಟರೆ ಸತ್ತವನನ್ನೂ ಪಕ್ಕದಲ್ಲಿ ಕುಳಿತವನನ್ನೂ ಮರೆತೇವು ಎಂದು ಜ್ವಿಂಗ್ಲಿಯು ಅಂಜಿದನು. ಎರಡು ಭಯಗಳೂ ನ್ಯಾಯವಾದವೇ.

ಪಕ್ಕದವನನ್ನು ಮರೆಯುವ ಅಪಾಯವು ಹಳೆಯದು. ಕರ್ತನ ಭೋಜನವನ್ನು ಕುರಿತು ನಮಗೆ ದೊರೆತಿರುವ ಅತ್ಯಂತ ಪ್ರಾಚೀನವಾದ ಬರಹ, ಸುಮಾರು ಕ್ರಿ.ಶ. ೫೪ರಲ್ಲಿ ಪೌಲನು ಕೊರಿಂಥದವರಿಗೆ ಬರೆದ ಪತ್ರ, ಒಂದು ದೂರಿನಿಂದಲೇ ಹುಟ್ಟಿದುದು. ಅಲ್ಲಿ ಉಳ್ಳವರು ಮುಂಚೆಯೇ ಉಂಡು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಇಂತಹುದು ಕರ್ತನ ಭೋಜನವೇ ಅಲ್ಲವೆಂದು ಅವನು ಖಂಡಿತವಾಗಿ ನುಡಿದನು. ಅದೇ ಪ್ರಶ್ನೆಯು ನಮ್ಮ ದಕ್ಷಿಣದೇಶದಲ್ಲಿ ಜಾತಿಯ ರೂಪದಿಂದ ತಲೆದೋರಿತು. ಒಂದೇ ದೇವಾಲಯದಲ್ಲಿ ಬೇರೆ ಬೇರೆ ಕುಳಿತು, ಮೇಲುಕೀಳಿನ ಕ್ರಮದಲ್ಲಿ ಪ್ರಸಾದ ತೆಗೆದುಕೊಳ್ಳುವ ರೂಢಿ ತಮಿಳುನಾಡಿನ ಸಭೆಗಳಲ್ಲಿತ್ತು. ೧೮೩೩ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನರು ಈ ಭೇದವನ್ನು ಕೂಡಲೆ ತೊರೆಯಬೇಕೆಂದು ಆಜ್ಞೆಮಾಡಿದಾಗ ತಂಜಾವೂರಿನಲ್ಲಿ ಅನೇಕರು ಸಭೆಯನ್ನೇ ಬಿಟ್ಟುಹೋದರು. ತನ್ನನ್ನು ಹಂಚಿಕೊಟ್ಟವನ ನೆನಪನ್ನು ಹಂಚಿಕೊಳ್ಳಲೊಲ್ಲದೆ ಆಚರಿಸಬಹುದೆ ಎಂಬುದೇ ಅಲ್ಲಿನ ಪ್ರಶ್ನೆ.

ಮಾರ್ಬುರ್ಗಿನ ಕಥೆಗೂ ಕನ್ನಡ ಕರಾವಳಿಗೂ ಒಂದು ನಂಟುಂಟು. ಎಕೊಲಂಪಾಡಿಯಸನ ಬಾಸೆಲ್ ನಗರದಲ್ಲಿಯೇ ೧೮೧೫ರಲ್ಲಿ ಬಾಸೆಲ್ ಮಿಶನ್ ಸ್ಥಾಪಿತವಾಯಿತು. ಅದರ ಬೋಧಕರಲ್ಲಿ ಬಹುಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು, ಲೂಥರನ ಪರಂಪರೆಯವರು. ಆ ಸೀಮೆಯನ್ನು ಸುಧಾರಿಸಿದ ಬ್ರೆಂಟ್ಸನು ಮಾರ್ಬುರ್ಗಿನಲ್ಲಿ ಲೂಥರನ ಕಡೆ ಕುಳಿತಿದ್ದವನು! ಅಂದು ಮೇಜಿನ ಎರಡು ಬದಿಗಳಲ್ಲಿದ್ದವರ ಸಂತತಿಯು ಒಂದೇ ಸಂಸ್ಥೆಯಾಗಿ ೧೮೩೪ರಲ್ಲಿ ಮಂಗಳೂರಿಗೆ ಬಂದಿತು. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರು ವ್ಯುರ್ಟೆಂಬರ್ಗಿನವರು, ೧೮೯೪ರಲ್ಲಿ ಪ್ರಕಟವಾದ ಕನ್ನಡ ನಿಘಂಟಿನ ಕರ್ತೃಗಳಾದ ಕಿಟ್ಟೆಲರೂ ಇದೇ ಮಿಶನ್ನಿನವರು. ಮಾರ್ಬುರ್ಗಿನಲ್ಲಿ ಉಳಿದ ಆ ಒಂದು ಮಾತು ಯುರೋಪಿನಲ್ಲಿ ತೀರಿದುದು ೧೯೭೩ರಲ್ಲಿ, ಬಾಸೆಲ್ಲಿನ ಸಮೀಪದ ಲಾಯೆನ್‌ಬೆರ್ಗ್‌ನಲ್ಲಿ. ಆ ವರ್ಷದ ಮಾರ್ಚ್ ತಿಂಗಳ ಒಡಂಬಡಿಕೆಯು ಎರಡು ಪರಂಪರೆಗಳಿಗೂ ಒಂದೇ ಮೇಜಿನ ಹಕ್ಕನ್ನು ಕೊಟ್ಟಿತು. ೧೯೮೨ರಲ್ಲಿ ಲೀಮಾ ನಗರದಲ್ಲಿ ಹಲವು ಸಭೆಗಳ ಪಂಡಿತರು ಒಪ್ಪಿದ ಪತ್ರವು ‘ಅನಾಮ್ನೆಸಿಸ್’ ಎಂಬ ಪ್ರಾಚೀನ ಪದವನ್ನೇ ಮುಂದಿಟ್ಟು, ಸ್ಮರಣೆಯೆಂದರೆ ಗತವನ್ನು ಎಣಿಸುವುದಷ್ಟೇ ಅಲ್ಲ, ಅದರ ಫಲವು ಇಂದು ಸಲ್ಲುವುದೆಂದು ವಿವರಿಸಿತು. ಪಸ್ಕದ ಊಟಕ್ಕೆ ಕುಳಿತ ಯೆಹೂದ್ಯನಿಗೆ ಈ ಅರ್ಥವು ಅಪರಿಚಿತವಾಗಿರಲಿಲ್ಲ.

ನೆನಪನ್ನು ಬರಹಕ್ಕೋ ಕಲ್ಲಿಗೋ ಒಪ್ಪಿಸಿದರೆ ಅದು ಸುರಕ್ಷಿತವೆಂದು ನಾವು ಭಾವಿಸುವುದುಂಟು. ಮಾರ್ಬುರ್ಗಿನ ಮೇಜಿನ ಮೇಲಿನ ಸೀಮೆಸುಣ್ಣದ ಅಕ್ಷರಗಳು ಅಂದೇ ಅಳಿಸಿಹೋಗಿರಬೇಕು. ಎರಡು ಸಾವಿರ ವರ್ಷ ಉಳಿದುಬಂದುದು ರೊಟ್ಟಿಯನ್ನು ಮುರಿದು ಪಕ್ಕದವನಿಗೆ ದಾಟಿಸುವ ಕೈಗಳ ವಾಡಿಕೆ. ಆ ಪಕ್ಕದವನು ಯಾರು, ಅವನ ಪಾಲು ಅವನಿಗೆ ಸಂದಿತೆ ಎಂಬ ಪೌಲನ ಪ್ರಶ್ನೆಯನ್ನು ಪ್ರತಿ ತಲೆಮಾರೂ ತನ್ನ ಮೇಜಿನಲ್ಲಿಯೇ ಉತ್ತರಿಸಬೇಕಾಗಿದೆ.