ಲಿಮಾ: ಕಾಲುವೆಗಳು ಗೆರೆ ಎಳೆದ ರಾಜಧಾನಿ

ಪೆರು ದೇಶದ ರಾಜಧಾನಿ ಲಿಮಾಕ್ಕೆ ಗೊತ್ತಾದ ಹುಟ್ಟುಹಬ್ಬವೊಂದಿದೆ. 1535ರ ಜನವರಿ 18ರಂದು ಸ್ಪೇನಿನ ಫ್ರಾನ್ಸಿಸ್ಕೊ ಪಿಸಾರೊ ರಿಮಾಕ್ ನದಿಯ ದಡದಲ್ಲಿ ಚೌಕ ಗುರುತಿಸಿ, ನೇರ ಬೀದಿಗಳನ್ನು ಎಳೆಸಿ, ಜೊತೆಗಾರರಿಗೆ ನಿವೇಶನ ಹಂಚಿದ. ಊರ ಚರಿತ್ರೆ ಅಲ್ಲಿಂದಲೇ ಶುರುವೆಂಬುದು ರೂಢಿಯ ಮಾತು. ಅದು ಅರ್ಧ ನಿಜ ಮಾತ್ರ. ಬೀದಿಗಳ ನಕ್ಷೆ ಪಿಸಾರೊನದು, ಸರಿ. ಆದರೆ ಊರು ನಿಲ್ಲುವಂಥ ನೆಲವನ್ನು ಹದ ಮಾಡಿಟ್ಟವರು ಬೇರೆ. ಅವನು ಬರುವಾಗ ಆ ಕಣಿವೆಗೆ ತೌಲಿಚುಸ್ಕೊ ಎಂಬ ನಾಯಕನಿದ್ದ. ಇಂದಿನ ಅಧ್ಯಕ್ಷರ ಅರಮನೆ ನಿಂತಿರುವುದು ಅವನ ನಿವಾಸವಿದ್ದ ಜಾಗದಲ್ಲೇ.

ಲಿಮಾ ಇರುವುದು ಮರುಭೂಮಿಯಲ್ಲಿ. ಪಕ್ಕದಲ್ಲೇ ಶಾಂತಸಾಗರವಿದ್ದರೂ ಅದರ ತಣ್ಣನೆಯ ಹಂಬೋಲ್ಟ್ ಪ್ರವಾಹದಿಂದಾಗಿ ಮೋಡ ಕವಿಯುತ್ತದೆಯೇ ಹೊರತು ಮಳೆ ಸುರಿಯುವುದಿಲ್ಲ. ಚಳಿಗಾಲದುದ್ದಕ್ಕೂ ಬೂದುಬಣ್ಣದ ಮಂಜು, ಮುಖಕ್ಕೆ ತಾಗುವಷ್ಟು ತುಂತುರು, ಅಷ್ಟೇ. ನೀರೆಲ್ಲ ಆಂಡಿಸ್ ಪರ್ವತದಿಂದ ಇಳಿಯುವ ರಿಮಾಕ್, ಚಿಯೋನ್, ಲುರಿನ್ ಎಂಬ ಮೂರು ನದಿಗಳದು. ನದಿಯ ಇಕ್ಕೆಲ ಬಿಟ್ಟರೆ ಬರೀ ಮರಳು. ಸುಮಾರು ಕ್ರಿ.ಶ. 200ರಿಂದ 700ರವರೆಗೆ ಇಲ್ಲಿ ಬಾಳಿದ, ಪುರಾತತ್ತ್ವಜ್ಞರು ಲಿಮಾ ಸಂಸ್ಕೃತಿ ಎಂದು ಕರೆಯುವ ಜನ, ಅವರ ನಂತರ ಇಚ್ಮಾ ಜನ, ಕೊನೆಗೆ ಇಂಕಾಗಳು ರಿಮಾಕ್ ನದಿಯ ನೀರನ್ನು ಕಾಲುವೆಗಳಲ್ಲಿ ತಿರುಗಿಸಿ ಮರಳನ್ನು ಹೊಲ ಮಾಡಿದರು. ಅವುಗಳಲ್ಲಿ ಸುರ್ಕೊ ಕಾಲುವೆ ಇಂದಿಗೂ ಹರಿಯುತ್ತಿದೆ. ನಗರದ ದಕ್ಷಿಣ ಭಾಗದ ಉದ್ಯಾನಗಳಿಗೆ ಅದರದೇ ನೀರು. ಮಿರಾಫ್ಲೋರೆಸ್ ಎಂಬ ಶ್ರೀಮಂತ ಬಡಾವಣೆಯ ನಡುವೆ ಪುಕ್ಯಾನ ಎಂಬ ದೇವಾಲಯದ ದಿಬ್ಬವಿದೆ. ಅಲ್ಲಿ ಹಸಿ ಇಟ್ಟಿಗೆಗಳನ್ನು ಕಪಾಟಿನ ಪುಸ್ತಕಗಳ ಹಾಗೆ ನೆಟ್ಟಗೆ, ಸಂದುಬಿಟ್ಟು ಜೋಡಿಸಿದ್ದಾರೆ. ಭೂಕಂಪದ ಅದುರನ್ನು ಆ ಸಂದುಗಳು ನುಂಗುತ್ತವೆ. 1746ರ ಭೂಕಂಪದಲ್ಲಿ ಸ್ಪೇನಿಗರ ಊರು ನೆಲಕಚ್ಚಿತು, ಕಯಾವೊ ಬಂದರನ್ನು ಸಮುದ್ರ ಕೊಚ್ಚಿಕೊಂಡು ಹೋಯಿತು. ಆಮೇಲೆ ಮನೆ ಕಟ್ಟುವವರು ಮೊರೆಹೋದದ್ದು ಜೊಂಡು ಹೆಣೆದು ಮಣ್ಣು ಮೆತ್ತುವ ಹಳೆಯ ಸ್ಥಳೀಯ ಪದ್ಧತಿಗೆ.

ಕಾಲುವೆ, ಹೊಲ, ಗುಡಿ ಸೇರಿದ ಮಾತ್ರಕ್ಕೆ ನಗರವಾಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂಕಾಗಳ ಕಾಲದಲ್ಲಿ ಕಣಿವೆಯಲ್ಲಿದ್ದವು ಚದುರಿದ ನೆಲೆಗಳು. ದೂರದ ಜನರನ್ನು ಸೆಳೆಯುತ್ತಿದ್ದ ಯಾತ್ರಾಸ್ಥಳವೆಂದರೆ ಪಕ್ಕದ ಲುರಿನ್ ಕಣಿವೆಯ ಪಚಕಮಾಕ್. ವೈಸ್‌ರಾಯ್ ಆಡಳಿತ, 1551ರ ಸ್ಯಾನ್ ಮಾರ್ಕೋಸ್ ವಿಶ್ವವಿದ್ಯಾಲಯ, ಬೆಳ್ಳಿಯ ವ್ಯಾಪಾರ ಇವೆಲ್ಲ ಸ್ಪೇನಿನವರ ಕಾಲದವೇ. ಅವರು ಈ ಜಾಗ ಆರಿಸಿದ್ದು ಬಂದರಿಗಾಗಿ ಎಂಬ ವಾದವನ್ನೂ ತಳ್ಳಿಹಾಕುವಂತಿಲ್ಲ; ಬೆಟ್ಟದ ಮೇಲಿನ ಹೌಹ ಎಂಬ ಊರು ಸಮುದ್ರಕ್ಕೆ ದೂರವೆಂದೇ ಅದನ್ನು ರಾಜಧಾನಿಯಾಗಿ ಉಳಿಸಿಕೊಳ್ಳಲಿಲ್ಲ. ಆದರೆ ಹಡಗು ನಿಲ್ಲಿಸಬಹುದಾದ ಕೊಲ್ಲಿಗಳು ಆ ಕರಾವಳಿಯಲ್ಲಿ ಇನ್ನೂ ಇದ್ದವು. ಬಂದರಿನ ಬೆನ್ನಿಗೇ ನೀರುಂಡ ಇಷ್ಟು ಅಗಲದ ಹೊಲಗಳಿದ್ದದ್ದು ಇಲ್ಲಿ. ಆ ನೀರು ನದಿಯಿಂದ ತಾನಾಗಿ ಹೊಲಕ್ಕೆ ಬಂದದ್ದಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಇಂದಿನ ಲಿಮಾ ಪಿಸಾರೊನದೂ ಅಲ್ಲ, ಇಚ್ಮಾ ಜನರದೂ ಅಲ್ಲ. ಅದು ಬೆಟ್ಟದಿಂದ ಇಳಿದು ಬಂದ ವಲಸಿಗರು ಕಟ್ಟಿದ್ದು. 1940ರಲ್ಲಿ ಆರೂವರೆ ಲಕ್ಷದ ಆಸುಪಾಸಿನಲ್ಲಿದ್ದ ಜನಸಂಖ್ಯೆ ಇಂದು ಒಂದು ಕೋಟಿಯ ಹತ್ತಿರವಿದೆ. ದೇಶದ ಮೂವರಲ್ಲಿ ಒಬ್ಬರು ಇಲ್ಲಿಯವರು. ಜಮೀನ್ದಾರಿಯ ಬಡತನ ಕೆಲವರನ್ನು ಇಲ್ಲಿಗೆ ತಳ್ಳಿತು, 1980ರ ನಂತರ ಶೈನಿಂಗ್ ಪಾತ್ ಬಂಡುಕೋರರಿಗೂ ಸೇನೆಗೂ ನಡೆದ ಕಾಳಗ ಇನ್ನೂ ಬಹಳಷ್ಟು ಜನರನ್ನು ತಳ್ಳಿತು. ಈ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಅವರು ನೆಲೆ ಕಂಡದ್ದು ಎಲ್ಲಿ ಎಂದು ನೋಡಿದರೆ ನನ್ನ ವಾದ ಸಡಿಲಾಗುವ ಬದಲು ಬಿಗಿಯಾಗುತ್ತದೆ. ಹಳೆಯ ಕಾಲುವೆಗಳು ತಣಿಸಿದ ನೆಲ ಮೊದಲು ತೋಟವಾಗಿತ್ತು, ಬಳಿಕ ಉಳ್ಳವರ ಬಡಾವಣೆಯಾಯಿತು. ಬಂದವರಿಗೆ ಉಳಿದದ್ದು ಕಾಲುವೆಯ ಆಚೆಗಿನ ಮರಳು, ಬೋಳುಗುಡ್ಡ. 1971ರಲ್ಲಿ ಜಾಗ ಹಿಡಿದು ಕೂತ ಸಾವಿರಾರು ಕುಟುಂಬಗಳನ್ನು ಅಂದಿನ ಸೇನಾ ಸರ್ಕಾರ ಸಾಗಿಸಿದ್ದು ಅಂಥದೇ ಮರಳಿಗೆ. ಅವರು ಅಲ್ಲಿ ಒಟ್ಟಾಗಿ ಬೀದಿ, ಶಾಲೆ, ಅಡುಗೆಮನೆಗಳನ್ನು ಕಟ್ಟಿಕೊಂಡು ಬೆಳೆಸಿದ ವಿಯಾ ಎಲ್ ಸಾಲ್ವಡೊರ್‌ಗೆ 1987ರಲ್ಲಿ ಸ್ಪೇನಿನ ಪ್ರಿನ್ಸ್ ಆಫ್ ಆಸ್ಟೂರಿಯಸ್ ಪ್ರಶಸ್ತಿ ಬಂತು.

ಹಣವಿದ್ದರೆ ಕಾಲುವೆಗಳು ಎಳೆದ ಈ ಗೆರೆಯನ್ನು ದಾಟಬಹುದು, ನಿಜ. ಕಾಸುವರಿನಾಸ್ ಎಂಬ ಧನಿಕರ ಗುಡ್ಡವೂ ಕಾಲುವೆಯ ಆಚೆಗೇ ಇದೆ. ಅಲ್ಲಿಗೆ ನೀರು ಏರುತ್ತದೆ. ಅದರ ಬೆನ್ನಿಗಿರುವ ಪಾಂಪ್ಲೋನ ಆಲ್ಟದ ಬಡವರಿಗೆ ಮಾತ್ರ ಟ್ಯಾಂಕರ್ ಬರಬೇಕು. ನಲ್ಲಿ ನೀರಿಗಿಂತ ಹಲವು ಪಟ್ಟು ಹೆಚ್ಚು ದುಡ್ಡು ಕೊಟ್ಟು ಅವರು ಡ್ರಮ್ಮು ತುಂಬಿಸಿಕೊಳ್ಳಬೇಕು. ಎರಡರ ನಡುವೆ ಎದ್ದಿದ್ದ ಗೋಡೆಯನ್ನು ಕೆಡವಬೇಕೆಂದು ಪೆರುವಿನ ಸಂವಿಧಾನ ನ್ಯಾಯಾಲಯ ಆದೇಶಿಸಿತು. ಇಡೀ ನಗರಕ್ಕೂ ಈಗ ಮೂರು ನದಿಗಳು ಸಾಲವು. ಪರ್ವತದ ಆಚೆ, ಅಮೆಜಾನಿನ ಕಡೆಗೆ ಹರಿಯುವ ನೀರನ್ನು ಮಾರ್ಕಪೊಮಕೊಚ ಎಂಬಲ್ಲಿಂದ ಸುರಂಗ ಕೊರೆದು ರಿಮಾಕ್ ನದಿಗೆ ತಿರುಗಿಸಿದ್ದಾರೆ.