ಬದ್ರ್‌ನ ಕೈದಿಗಳಿಂದ ಆರ್‌ಟಿಇ ಸೀಟಿನವರೆಗೆ



ಶಾಲೆ ಶುರುವಾಗುವ ಮುಂಚಿನ ಒಂದು ಜುಮಾ. ನಮಾಝ್ ಮುಗಿದ ಮೇಲೆ ಕುದೂರಿನ ನಮ್ಮ ಮಸೀದಿಯ ಅಂಗಳದಲ್ಲಿ ಒಬ್ಬ ತಂದೆ ಕೇಳಿದರು: “ಹಜರತ್, ಸಾಲ ಮಾಡಿ ಮಗನನ್ನು ಖಾಸಗಿ ಶಾಲೆಗೆ ಸೇರಿಸಲೇ, ಸರ್ಕಾರಿ ಶಾಲೆಯಲ್ಲೇ ಬಿಡಲೇ?” ಅಂದು ಅರ್ಧ ಉತ್ತರ ಕೊಟ್ಟೆ. ಮುಂದಿನ ವಾರ ಮಿಂಬರ್‌ನಿಂದ ಹೇಳಿದ ಉಳಿದರ್ಧ ಇಲ್ಲಿದೆ.

ಹಿಜರಿ 2ರಲ್ಲಿ ಬದ್ರ್ ಯುದ್ಧದ ಕೈದಿಗಳ ಬಿಡುಗಡೆಗೆ ಪರಿಹಾರಧನ ನಿಗದಿಯಾಯಿತು. ಮುಹಾಜಿರ್‌ಗಳು ಎಲ್ಲವನ್ನೂ ಬಿಟ್ಟು ಬಂದಿದ್ದ ಕಾಲ. ಮದೀನಾಕ್ಕೆ ಆ ಹಣ ತೀರಾ ಬೇಕಿತ್ತು. ಆದರೂ ಹಣವಿಲ್ಲದ, ಅಕ್ಷರ ಬಲ್ಲ ಕೈದಿಗಳು ಅನ್ಸಾರರ ಮಕ್ಕಳಿಗೆ ಬರಹ ಕಲಿಸಿದರೆ ಸಾಕು ಎಂದರು ಪ್ರವಾದಿ(ಸ). ತಲಾ ಹತ್ತು ಮಕ್ಕಳು ಎಂದು ಇಬ್ನ್ ಸಅದ್ ದಾಖಲಿಸಿದ್ದಾರೆ. ಕಲಿಸಿದವರು ಮುಸ್ಲಿಮರಲ್ಲ, ನಿನ್ನೆಯ ಶತ್ರುಗಳು. ಸಮಾಜಕ್ಕೆ ಬರಬೇಕಿದ್ದ ಹಣ ಮಕ್ಕಳ ಅಕ್ಷರವಾಯಿತು.

ನಮ್ಮ ನಾಡಿಗೇ ಬರೋಣ. ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದ್ರಸ ಕಟ್ಟಿಸಿದರು. ಅದರ ಗೋಡೆ, ಮಿನಾರು ಇಂದಿಗೂ ನಿಂತಿವೆ. ಮೈಸೂರು ಸಂಸ್ಥಾನ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ತಂದು ಆಯ್ದ ಪ್ರದೇಶಗಳಲ್ಲಿ ಕಲಿಕೆಯನ್ನು ಕಡ್ಡಾಯಗೊಳಿಸಿತು. ಮುಸ್ಲಿಮ್ ಮಕ್ಕಳಿಗಾಗಿ ಹಿಂದೂಸ್ತಾನಿ ಶಾಲೆಗಳೂ ಸಂಸ್ಥಾನದ ಹಣದಲ್ಲಿ ನಡೆದವು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇನ್ನೊಂದು ಬಾಗಿಲು ತೆರೆಯಿತು. ಖಾಸಗಿ ಶಾಲೆಗಳು ಶೇ. 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಡಬೇಕು. ಆ ವೆಚ್ಚವನ್ನು ಸರ್ಕಾರ ನಿಗದಿತ ಮಿತಿಯಲ್ಲಿ ಭರಿಸಬೇಕು. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಶಾಲೆಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಿತು. ನಾವು ಸಂತೋಷಪಟ್ಟೆವು. ಆದರೆ ನಮ್ಮದೇ ಬಡ ಮಗುವಿಗೆ ನಮ್ಮದೇ ಶಾಲೆಯಲ್ಲಿ ಹಕ್ಕಿನ ಸೀಟು ಇಲ್ಲವಾಯಿತು ಎಂಬುದನ್ನು ಎಷ್ಟು ಜನ ಯೋಚಿಸಿದೆವು?

ಮುಂದೆ ಕರ್ನಾಟಕ ಸರ್ಕಾರ ನಿಯಮ ಬದಲಿಸಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟಿಲ್ಲ. ಲಕ್ಷ ದಾಟಿದ್ದ ಸೀಟುಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಗೆ ಇಳಿದವು. 2019ರ ಮೇ 31ರಂದು ಹೈಕೋರ್ಟ್ ಈ ಬದಲಾವಣೆಯನ್ನು ಎತ್ತಿಹಿಡಿಯಿತು. ಸಾರ್ವಜನಿಕ ಹಣ ಖಾಸಗಿ ಶಾಲೆಗೆ ಹರಿದರೆ ಸರ್ಕಾರಿ ಶಾಲೆ ಬರಿದಾಗುತ್ತದೆ ಎಂಬ ವಾದದಲ್ಲಿ ಸತ್ಯವಿದೆ. ಉಳ್ಳವರಿಗೆ ಆಯ್ಕೆ, ಇಲ್ಲದವರಿಗೆ ಸಿಕ್ಕಿದ್ದು ಎಂಬ ಬಡ ಪೋಷಕರ ನೋವಿನಲ್ಲೂ ಸತ್ಯವಿದೆ. ಹತ್ತಿರದ ಸರ್ಕಾರಿ ಶಾಲೆ ಚೆನ್ನಾಗಿದ್ದರೆ ಮಾತ್ರ ಎರಡೂ ಸತ್ಯಗಳ ಜಗಳ ತೀರುತ್ತದೆ.

ಆದ್ದರಿಂದ ಆ ತಂದೆಗೆ ನನ್ನ ಉತ್ತರ: ಬಡ್ಡಿಯ ಸಾಲ ಬೇಡ. ಮೊದಲು ಶಾಲೆಗೆ ಹೋಗಿ ನೋಡಿ. ಶಿಕ್ಷಕರು ಎಷ್ಟಿದ್ದಾರೆ? ಮೂರನೇ ತರಗತಿಯ ಮಗು ಒಂದು ಪುಟ ಓದುತ್ತದೆಯೇ? ಕೊರತೆಯಿದ್ದರೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ; ಆ ಸಮಿತಿ ಪೋಷಕರದ್ದೇ. ಸಂಜೆಯ ಪಾಠಕ್ಕೆ ಜಮಾಅತ್ ಸದಕಾದಿಂದ ನೆರವಾಗಲಿ. ಮಸೀದಿಯ ಬಾಗಿಲು ತೆರೆದಿದೆ.

ಕೊನೆಯದಾಗಿ ಒಂದು ಮಾತು. ಆ ತಂದೆಗೆ ಮಗಳೂ ಇದ್ದಾಳೆ. ಅವರ ಪ್ರಶ್ನೆ ಮಗನ ಬಗ್ಗೆ ಮಾತ್ರ ಇತ್ತು. ಮಗನಿಗೆ ಖಾಸಗಿ, ಮಗಳಿಗೆ ಸರ್ಕಾರಿ ಎಂದು ಮನೆಯೊಳಗೇ ಗೆರೆ ಎಳೆಯುವ ನಾವು ಸರ್ಕಾರದ ಬಳಿ ಯಾವ ನ್ಯಾಯ ಕೇಳಲಿ?

ಅಲ್ಲಾಹನು ನಮ್ಮ ಗಂಡು, ಹೆಣ್ಣು ಮಕ್ಕಳೆಲ್ಲರಿಗೂ ಪ್ರಯೋಜನಕಾರಿ ಜ್ಞಾನ ದಯಪಾಲಿಸಲಿ. ಆಮೀನ್.